ಕ್ಲೈಮ್ಯಾಕ್ಸಿಗೆ ಬಾಗಿಲು ತೆಗೆಯುವವಳು

ಜನವರಿ ೧೪

ಮಗಳೇ,

ನಿನ್ನೆ ಕೆಟ್ಟ ಕನಸು ಬಿತ್ತು. ಯಾರಿಗಾದರೂ ಹೇಳಿಬಿಟ್ಟರೆ ಭಾರ ಇಳಿಯುತ್ತದೆ. ನಿಮ್ಮಪ್ಪನಿಗೆ ಹೇಳೋಣವೆಂದರೆ ಅವರ ಕಿವಿಗೆ ಕನಸನ್ನೂ ಕೂಗಿ ಹೇಳಬೇಕು, ಅಕ್ಕಪಕ್ಕದ ಮನೆಯವರೆಲ್ಲ ಕೇಳಿಸಿಕೊಳ್ಳುತ್ತಾರೆ.

ಕನಸಿನಲ್ಲಿ ನೀನು ದೊಡ್ಡದೊಂದು ರೈಲು ನಿಲ್ದಾಣದಲ್ಲಿ ಓಡುತ್ತಿದ್ದೆ. ಸಿನಿಮಾದಲ್ಲಿ ಓಡುತ್ತಾರಲ್ಲ, ಮೇಲೆದ್ದ ಕಾಲು ಕೆಳಗೆ ಬರುವುದೇ ಇಲ್ಲ, ಹಾಗೆ. ಹಿಂದೆ ಆ ಕನ್ನಡಕದ ಅಂಗಡಿಯವನು ಓಡಿಬರುತ್ತಿದ್ದ. ಅವನ ಮುಖ ನಾನು ನೋಡಿಲ್ಲವಾದ್ದರಿಂದ ಮುಖದ ಜಾಗದಲ್ಲಿ ಬರೀ ಕನ್ನಡಕ ಇತ್ತು. ನಾನು ಟಾರ್ಚು ಹಿಡಿದು ಹೊರಬಾಗಿಲ ಹತ್ತಿರ ನಿಂತಿದ್ದೆ. ಮ್ಯೂಸಿಕ್ಕು ಏರುತ್ತಿದೆ, ಬಾಗಿಲು ತೆಗೆಯುವ ಹೊತ್ತು, ಚಿಲಕ ಬರುತ್ತಿಲ್ಲ. ನೀನು ಬಂದು ಬಾಗಿಲಿಗೆ ಢಿಕ್ಕಿ ಹೊಡೆದೆ. ಕನ್ನಡಕ ಚೂರಾಯಿತು. ಎಚ್ಚರವಾದರೆ ನನ್ನ ಕೈ ಮಂಚದ ಸರಳನ್ನು ಹಿಡಿದು ಎಳೆಯುತ್ತಿತ್ತು.

ಇದೆಲ್ಲ ನಾನು ಬಾಗಿಲು ಕಾಯುವ ಟಾಕೀಸಿನಲ್ಲಿ ಈಗ ಓಡುತ್ತಿರುವ ಸಿನಿಮಾದ ಕಾಟ. ಹೀರೋಯಿನ್ನು ಹೊರಟ ವಿಮಾನವನ್ನೇ ಹೀರೋ ನಿಲ್ಲಿಸಿಬಿಡುತ್ತಾನೆ. ಒಳಗಿರುವ ಉಳಿದ ಜನ ಏನು ಮಾಡಬೇಕು? ಯಾರಿಗೋ ಆಸ್ಪತ್ರೆಗೆ ಹೋಗುವುದಿರುತ್ತದೆ, ಯಾರದೋ ಮಗು ಅಳುತ್ತಿರುತ್ತದೆ. ಮೊದಲೆಲ್ಲ ಅವರು ತಬ್ಬಿಕೊಂಡಾಗ ನನಗೂ ಕಣ್ಣು ತುಂಬುತ್ತಿತ್ತು. ಈಗ ಅವರು ಓಡುವುದನ್ನು ನೋಡಿದರೆ ನನಗೇ ಉಬ್ಬಸ ಬರುತ್ತದೆ. ಸಾಕಪ್ಪಾ ಸಾಕು ಅನ್ನಿಸಿದೆ.

ಮೊನ್ನೆ ಫೋನಿನಲ್ಲಿ ನೀನು "ಕೆಳಗಿನ ಕನ್ನಡಕದ ಅಂಗಡಿಯವ್ರು ಮದುವೆ ಆಗೋಣವಾ ಅಂತ ಕೇಳಿದ್ರು" ಅಂದೆ. ನಾನು "ಯಾವ ಊರು, ಯಾರ ಮಗ, ಏನು ಕಥೆ" ಅಂತ ಒಟ್ಟಿಗೇ ಕೇಳಿದೆ. ನೀನು ಫೋನಿಟ್ಟೆ. ಫೋನಿನಲ್ಲಿ ನಮ್ಮಿಬ್ಬರಿಗೆ ಮೂರನೇ ಮಾತಿಗೆ ಜಗಳ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಇದನ್ನು ಅರ್ಧಕ್ಕೆ ಕತ್ತರಿಸಲು ನಿನಗೆ ಬರುವುದಿಲ್ಲ. ಐದನೇ ಕ್ಲಾಸು ಮುಗಿಸಿ, ಆರನೆಯದಕ್ಕೆ ಮಳೆಗಾಲದ ತನಕ ಹೋದವಳು ನಾನು. ಅಕ್ಷರ ಓರೆಯಾಗಿದ್ದರೆ ಕಾಗದವನ್ನೇ ಓರೆ ಮಾಡಿ ಓದಿಕೋ.

ಅವನಿಗೆ ಏನು ಉತ್ತರ ಕೊಟ್ಟೆ? ಒತ್ತಾಯ ಮಾಡುತ್ತಿಲ್ಲ. ಚಿಂತೆ ಮಾಡುತ್ತಿದ್ದೇನೆ, ಅಷ್ಟೇ. ಗ್ಯಾಸ್ ಆಫ್ ಮಾಡಿ ಮಲಗು.

ನಿದ್ದೆಗೆಟ್ಟ,
ಅಮ್ಮ


ಜನವರಿ ೨೭

ಅಮ್ಮಾ,

ಕನ್ನಡಕ ಚೂರಾಗಿಲ್ಲ. ಆಗಿದ್ದರೆ ಒಳ್ಳೆಯದಿತ್ತು, ಬೇರೆ ಕಡೆ ಹೊಸದು ಮಾಡಿಸುತ್ತಿದ್ದೆ. ಇದರ ಎಡಗಡೆ ಕಡ್ಡಿಯ ಸ್ಕ್ರೂ ಮತ್ತೆ ಮತ್ತೆ ಸಡಿಲವಾಗುತ್ತದೆ. ಹಲ್ಲಿನ ಲ್ಯಾಬಿನ ಕೆಲಸ ನಿನಗೆ ಗೊತ್ತಲ್ಲ, ಮೇಣದಲ್ಲಿ ಒಂದೊಂದೇ ಹಲ್ಲು ಕೆತ್ತುವಾಗ ಬಗ್ಗಿ ಕೂತಿರುತ್ತೇನೆ. ಕನ್ನಡಕ ಜಾರಿ ಮೂಗಿನ ತುದಿಗೆ ಬರುತ್ತದೆ. ಆಗ ಮೆಟ್ಟಿಲಿಳಿದು ಕೆಳಗಿನ ಅಂಗಡಿಗೆ ಹೋಗಬೇಕು. ಅವರು ಬಿಗಿ ಮಾಡಿ, ಲೆನ್ಸ್ ಒರೆಸಿ ಕೊಡುತ್ತಾರೆ. ಕನ್ನಡಕ ಮಾಡುವುದೇ ಕಸುಬು, ಒಂದು ಸ್ಕ್ರೂ ನೆಟ್ಟಗೆ ನಿಲ್ಲಿಸಲು ಬರುವುದಿಲ್ಲ.

ಮದುವೆಯ ಮಾತು ಕೇಳಿದ್ದೂ ಹಾಗೆ ಲೆನ್ಸ್ ಒರೆಸುತ್ತಲೇ. ತಲೆ ಎತ್ತಲಿಲ್ಲ. "ಏಪ್ರಿಲ್ ಕೊನೆಗೆ ನಾನು ಈ ಊರು ಬಿಡ್ತಿದೀನಿ. ನಮ್ಮ ಮಾವಂಗೆ ವಯಸ್ಸಾಯ್ತು, ಅವ್ರ ಅಂಗಡಿ ನೋಡ್ಕೋಬೇಕು. ಅದಕ್ಕೆ ಮುಂಚೆ ಕೇಳೋಣ ಅಂತ. ನಾವಿಬ್ರೂ ಮದುವೆ ಆದ್ರೆ... ನಿಮಗೆ ಹೇಗೆ?"

ನಿಮಗೆ ಹೇಗೆ! ಫ್ರೇಮು ತೋರಿಸಿ ಕೇಳುತ್ತಾರಲ್ಲ, ಅದೇ ಧಾಟಿ. ಕನ್ನಡಿ ಒಂದು ಮುಂದೆ ಹಿಡಿಯಲಿಲ್ಲ, ಅಷ್ಟೇ.

ಒಳ್ಳೆಯವರು ಅಮ್ಮಾ. ಅದರಲ್ಲಿ ತಕರಾರಿಲ್ಲ. ಮುದುಕರು ಬಂದರೆ ಕುರ್ಚಿಯನ್ನು ಬೆಳಕಿನ ಕಡೆ ತಿರುಗಿಸಿ ಕೂರಿಸುತ್ತಾರೆ. ನಾನು ನೆಗಡಿಯಾಗಿದೆ ಅಂದಿದ್ದನ್ನು ಮುಂದಿನ ಸಲ ನೆನಪಿಟ್ಟು ಕೇಳುತ್ತಾರೆ. ಆದರೆ ನನ್ನ ಎದೆ ಡಬಡಬ ಅನ್ನಲಿಲ್ಲ. ಕಿವಿ ಬಿಸಿಯಾಗಲಿಲ್ಲ. ಮೇಲೆ ಬಂದು ಅರ್ಧ ಬಿಟ್ಟಿದ್ದ ದವಡೆ ಹಲ್ಲು ಕೆತ್ತಿ ಮುಗಿಸಿದೆ.

ನಿನ್ನ ಟಾಕೀಸಿನ ಹಿಂದಿನ ಸಾಲಿನ ಸೀಟಿನಲ್ಲಿ ಮಲಗಿ ಬೆಳೆದವಳು ನಾನು. ಪ್ರೀತಿ ಬಂದರೆ ಹೇಗೆ ಬರುತ್ತದೆ ಅಂತ ನನಗೆ ಗೊತ್ತು. ಇದು ಹಾಗಿಲ್ಲ. ಯೋಚಿಸಿ ಹೇಳುತ್ತೇನೆ ಅಂದಿದ್ದೇನೆ, ಬೇಡ ಅನ್ನುವ ಕಡೆಗೇ ಮನಸ್ಸು ವಾಲಿದೆ.

ಗ್ಯಾಸ್ ಆಫ್ ಮಾಡಿದ್ದೇನೆ. ಎದ್ದು ಹೋಗಿ ನೋಡಿಯೇ ಬರೆಯುತ್ತಿದ್ದೇನೆ.

ನಿನ್ನ ಮಗಳು


ಫೆಬ್ರವರಿ ೯

ಮಗಳೇ,

ಪ್ರೀತಿ ಹೇಗೆ ಬರುತ್ತದೆ ಅಂತ ಗೊತ್ತು ಎಂದು ಬರೆದಿದ್ದೀಯಲ್ಲ, ಅದನ್ನು ಓದಿದಾಗಿನಿಂದ ಅದೇ ಯೋಚನೆ. ಯಾಕೆಂದರೆ ನನಗೆ ಗೊತ್ತಿಲ್ಲ. ಇಷ್ಟು ವರ್ಷ ಗೇಟ್ ಕೀಪರ್ ಆಗಿದ್ದೇನೆ, ಆದರೆ ಒಂದು ಸಿನಿಮಾವನ್ನೂ ಪೂರ್ತಿ ನೋಡಿಲ್ಲ. ಶುರುವಿನಲ್ಲಿ ತಡವಾಗಿ ಬಂದವರಿಗೆ ಟಾರ್ಚು ಬಿಟ್ಟು ಸೀಟು ತೋರಿಸುತ್ತೇನೆ. ಅಷ್ಟರಲ್ಲಿ ಅವನು ಅವಳಿಗೆ ಢಿಕ್ಕಿ ಹೊಡೆದು, ಪುಸ್ತಕವೆಲ್ಲ ಬಿದ್ದು, ಇಬ್ಬರೂ ಬಗ್ಗಿ ಆರಿಸುತ್ತಿರುತ್ತಾರೆ. ನಾನು ಹೊರಗೆ ಬಂದು ವರಾಂಡ ಗುಡಿಸಿ, ನೀರಿನ ಡ್ರಮ್ಮು ತುಂಬಿಸಿ, ಹೆಂಗಸರ ಟಾಯ್ಲೆಟ್ಟು ತೊಳೆಯುತ್ತೇನೆ. ಮ್ಯೂಸಿಕ್ಕು ಏರಿದ್ದು ಕೇಳಿದ ಕೂಡಲೇ ಒಳಗೆ ಓಡಿ ಚಿಲಕ ಹಿಡಿದು ನಿಲ್ಲುತ್ತೇನೆ. ಆಗ ಇಬ್ಬರೂ ತಬ್ಬಿಕೊಂಡಿರುತ್ತಾರೆ. ನಡುವೆ ಏನಾಯಿತೋ ನನಗೆ ತಿಳಿಯದು.

ಹಾಗಾಗಿ ನಿಮ್ಮಪ್ಪನನ್ನು ಕೇಳಿದೆ. ಅವರು ಆಪರೇಟರು, ಮೇಲಿನ ಕ್ಯಾಬಿನ್ನಿನಲ್ಲಿ ಕೂತು ಎಲ್ಲವನ್ನೂ ನೋಡಿದವರು.

"ರೀ, ನಡುವೆ ಏನಾಗುತ್ರೀ?"

"ಯಾವುದರ ನಡುವೆ?"

"ಸಿನಿಮಾದ್ದು. ಆ ಇಬ್ರಿಗೂ ಪ್ರೀತಿ ಹೇಗೆ ಬರುತ್ತೆ?"

"ಹಾಡು ಬರುತ್ತೆ," ಅಂದರು.

ಇವರನ್ನು ಕೇಳಿ ಪ್ರಯೋಜನವಿಲ್ಲ ಅಂತ ಭಾನುವಾರ ರಜೆ ಹಾಕಿ, ಟಿಕೆಟ್ಟು ತೆಗೆದುಕೊಂಡು, ಸೀಟಿನಲ್ಲಿ ಕೂತು ನೋಡಿದೆ. ಕೌಂಟರಿನವಳು ನಕ್ಕಿದ್ದು ಇಡೀ ಬೀದಿಗೆ ಕೇಳಿಸಿತು. ಮೊದಲು ಸೀಟಿನ ಸ್ಪ್ರಿಂಗು ಚುಚ್ಚಿತು, ಇಷ್ಟು ದಿನ ಜನ ದೂರಿದ್ದು ಸುಳ್ಳಲ್ಲ. ಆಮೇಲೆ ನಡುವಿನ ಭಾಗ ಬಂತು. ಅದೇನು ಹೇಳಲಿ! ಅವನು ಯಾರೋ ಹುಡುಗಿಯ ಕೈ ಹಿಡಿದಿದ್ದನ್ನು ಇವಳು ನೋಡುತ್ತಾಳೆ. ಆ ಹುಡುಗಿ ಅವನ ತಂಗಿ. ಇವಳು ಕೇಳುವುದಿಲ್ಲ. ಅವನೂ ಹೇಳುವುದಿಲ್ಲ. ಇವಳು ಅತ್ತು ಬೇರೆ ಊರಿಗೆ ಹೋಗುತ್ತಾಳೆ, ಅವನು ಗಡ್ಡ ಬಿಡುತ್ತಾನೆ. ನನಗೆ ತಡೆಯಲಾಗಲಿಲ್ಲ, ಎದ್ದು ನಿಂತು "ಕೇಳೇ ಅವನನ್ನ, ಯಾರು ಅಂತ ಒಂದು ಮಾತು ಕೇಳೇ!" ಅಂದುಬಿಟ್ಟೆ. ಹಿಂದಿನ ಸಾಲಿನಿಂದ "ಕೂತ್ಕೊಳಮ್ಮ, ತಲೆ ಅಡ್ಡ" ಅಂದರು.

ಇಷ್ಟೂ ಹೊತ್ತಿನಲ್ಲಿ ಅವರಿಬ್ಬರೂ ಒಂದು ಲೋಟ ತೊಳೆಯಲಿಲ್ಲ. ಒಬ್ಬರಿಗೊಬ್ಬರು ಊಟ ಆಯಿತಾ ಅಂತ ಕೇಳಲಿಲ್ಲ. ಒಬ್ಬರಿಗೂ ಹಲ್ಲುನೋವು ಬರಲಿಲ್ಲ. ನಡುವೆ ಏನೋ ಇರುತ್ತದೆ, ನಾನು ಟಾಯ್ಲೆಟ್ಟು ತೊಳೆಯುತ್ತಾ ಅದನ್ನು ಕಳೆದುಕೊಂಡೆ ಅಂದುಕೊಂಡಿದ್ದೆ. ಕಳೆದುಕೊಂಡಿದ್ದು ಏನೂ ಇಲ್ಲ.

ಹಾಗಾದರೆ ನಿನಗೆ ಏನು ಹೇಳಲಿ? ನನ್ನ ಹತ್ತಿರ ಬುದ್ಧಿಮಾತಿಲ್ಲ. ಅವನಿಗೆ ಹೂಂ ಅನ್ನು ಅಂತಲೂ ಹೇಳಲಾರೆ. ಅವನು ನಿನ್ನ ನೆಗಡಿ ನೆನಪಿಟ್ಟಿದ್ದ ಅಂತ ಬರೆದಿದ್ದೆಯಲ್ಲ, ಆ ಸಾಲನ್ನು ಮಾತ್ರ ಎರಡು ಸಲ ಓದಿದೆ.

ನೆಗಡಿ ಹೋಯಿತಾ? ಎದೆಗೆ ಇಳಿದರೆ ಕಷ್ಟ.

ಸ್ಪ್ರಿಂಗು ಚುಚ್ಚಿಸಿಕೊಂಡ,
ಅಮ್ಮ


ಮಾರ್ಚ್ ೪

ಅಮ್ಮಾ,

ಹೇಳಿಬಿಟ್ಟೆ. ಬೇಡ ಅಂದೆ.

ಅವರು ಏನಂದರು ಗೊತ್ತಾ? "ಸರಿ." ಅಷ್ಟೇ. ಆಮೇಲೆ ಕನ್ನಡಕ ತೆಗೆದುಕೊಂಡು ಸ್ಕ್ರೂ ಬಿಗಿ ಮಾಡಿ, ಒರೆಸಿ ಕೊಟ್ಟರು. "ನಾನು ಹೋದ ಮೇಲೂ ಇಲ್ಲಿ ಇನ್ನೊಬ್ರು ಇರ್ತಾರೆ, ಅವ್ರ ಹತ್ರ ತೋರಿಸ್ತಾ ಇರಿ" ಅಂದರು. ಯಾಕೆ ಅಂತ ಕೇಳಲಿಲ್ಲ. ಇನ್ನೊಂದು ಸಲ ಯೋಚಿಸಿ ಅನ್ನಲಿಲ್ಲ. ನಾನು ಮೆಟ್ಟಿಲು ಹತ್ತುವಾಗ ಹಿಂದೆ ಹೆಜ್ಜೆ ಸದ್ದು ಕೇಳುತ್ತದೇನೋ ಅಂತ ನಿಧಾನವಾಗಿ ಹತ್ತಿದೆ. ಕೇಳಲಿಲ್ಲ.

ರೂಮಿನವಳು "ನಿಜವಾದ ಪ್ರೀತಿ ಇದ್ದಿದ್ರೆ ಅಷ್ಟು ಸುಲಭಕ್ಕೆ ಬಿಡ್ತಿದ್ರೇನೇ?" ಅಂದಳು. ಹೌದಲ್ಲವಾ? ಬೇಡ ಅಂದವಳು ನಾನೇ, ಅವರು ಸರಿ ಅಂದಿದ್ದಕ್ಕೆ ಸಿಟ್ಟು ಬಂದಿದ್ದೂ ನನಗೇ. ಇವತ್ತು ಒಂದು ಸೆಟ್ಟಿನಲ್ಲಿ ಕೋರೆಹಲ್ಲನ್ನು ಎಡಬಲ ಅದಲುಬದಲು ಮಾಡಿ ಕೂರಿಸಿದ್ದೆ. ಲ್ಯಾಬಿನ ಯಜಮಾನರು ನೋಡಿ "ಇದನ್ನ ಹಾಕ್ಕೊಂಡೋರು ತಮ್ಮನ್ನೇ ಕಚ್ಕೋತಾರೆ" ಅಂದರು.

ಈಗ ಈ ವಿಷಯ ಬೇಡ. ನೀನು ಅಳಬೇಡ.

ಮಗಳು


ಮಾರ್ಚ್ ೨೦

ಮಗಳೇ,

ಅಳಲಿಲ್ಲ. ಅತ್ತೆ, ಆದರೆ ಸ್ವಲ್ಪ. ವಿಷಯ ಬೇಡ ಅಂದಿದ್ದೀಯ, ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಕಾಗದ ತೆಗೆಯುವುದು, ಮಡಚಿಡುವುದು, ಇದೇ ಆಗಿತ್ತು. ಈಗ ಎರಡು ಮಾತು ಬರೆಯದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಒಂದು ನಿನ್ನ ರೂಮಿನವಳಿಗೆ. ಬೇಡ ಅಂದರೆ ಕೇಳದವರನ್ನು ನಾನು ದಿನಕ್ಕೆ ನಾಲ್ಕು ಆಟ ನೋಡುತ್ತೇನೆ. ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ, ಅವನು ಕಿಟಕಿಯ ಕೆಳಗೆ ನಿಲ್ಲುತ್ತಾನೆ. ಅವಳು ಬಸ್ಸು ಹತ್ತುತ್ತಾಳೆ, ಅವನು ಬಸ್ಸಿನ ಮುಂದೆ ಮಲಗುತ್ತಾನೆ. ಜನ ಸಿಳ್ಳೆ ಹಾಕುತ್ತಾರೆ. ನನಗೆ ಮಾತ್ರ ಆ ಹುಡುಗಿಗೆ ಎಷ್ಟು ಹೆದರಿಕೆಯಾಗಿರಬೇಕು ಅಂತ ಕೈಯಲ್ಲಿ ಟಾರ್ಚು ಬೆವರುತ್ತದೆ. ನಿನ್ನ ಮಾತನ್ನು ಮೊದಲ ಸಲಕ್ಕೇ ಕೇಳಿಸಿಕೊಂಡವನು ಪ್ರೀತಿ ಇಲ್ಲದವನು ಅಂತ ನಾನು ಒಪ್ಪಲಾರೆ. ನೀನು ಬೇಡ ಅಂದಿದ್ದು ಬೇಡವೇ ಇರಲಿ, ಅದು ನಿನ್ನಿಷ್ಟ. ಆದರೆ ಸರಿ ಅಂದಿದ್ದಕ್ಕೆ ಅವನನ್ನು ಬಯ್ಯಬೇಡ.

ಎರಡನೆಯದು ನಿಮ್ಮಪ್ಪನ ಘನಕಾರ್ಯ. ನಾವು ಮೊನ್ನೆ ಟೀ ಕುಡಿಯುತ್ತಾ ಕೂತಿದ್ದೆವು. ಹೊಸ ಪ್ರೊಜೆಕ್ಟರ್ ಮಿಷನ್ನು ಬಂದ ಮೇಲೆ ಚಿತ್ರ ಎಷ್ಟು ನಿಚ್ಚಳ, ಒಂದು ದಿನವೂ ಮಸುಕಾಗಿಲ್ಲ ಅಂದೆ. ಹಳೇ ಮಿಷನ್ನು ನಿನಗೆ ನೆನಪಿರಬಹುದು. ನಾನು ಒಳಗೆ ಕಾಲಿಟ್ಟು ಸ್ವಲ್ಪ ಹೊತ್ತಿಗೆ ಚಿತ್ರ ಮಸುಕಾಗುತ್ತಿತ್ತು. ಜನ ಕೂಗುತ್ತಿದ್ದರು. ಮೇಲಕ್ಕೆ ಹೇಳಿಕಳಿಸಲು ಯಾರಿದ್ದಾರೆ? ನಾನೇ ಕ್ಯಾಬಿನ್ನಿನ ಕಿಂಡಿಗೆ ಟಾರ್ಚು ಬಿಟ್ಟು ಮಿನುಗಿಸುತ್ತಿದ್ದೆ. ಅವರು ಕಿಂಡಿಯಲ್ಲಿ ಮುಖ ಇಟ್ಟು ನೋಡಿ, ಆಮೇಲೆ ಸರಿ ಮಾಡುತ್ತಿದ್ದರು. ಮದುವೆಗೆ ಮುಂಚಿನಿಂದಲೂ ಇದೇ ಕಥೆ. ಮಾಲೀಕರು ಮೆಕ್ಯಾನಿಕ್ಕನ್ನು ಕರೆಸಿದ್ದರು, ಅವನು ಬಿಚ್ಚಿ ನೋಡಿ "ಇದರಲ್ಲಿ ಏನೂ ಕೆಟ್ಟಿಲ್ಲ" ಅಂತ ತಲೆ ಕೆರೆದುಕೊಂಡು ಹೋದ.

"ಆ ದರಿದ್ರ ಮಿಷನ್ನು ನನ್ನ ಜೀವ ತಿಂತು," ಅಂದೆ.

ಅವರು ನಗಲು ಶುರು ಮಾಡಿದರು. ಟೀ ನೆತ್ತಿಗೇರಿ ಕೆಮ್ಮು ಬಂತು. ಬೆನ್ನು ತಟ್ಟಿದೆ.

"ಮಿಷನ್ನು ಚೆನ್ನಾಗೇ ಇತ್ತು ಕಣೇ," ಅಂದರು.

"ಮತ್ತೆ?"

"ಬಾಗಿಲು ತೆಗೆದಾಗ ನೀನು ಒಳಗೆ ಬಂದಿದ್ದು ಕಾಣ್ತಿತ್ತು, ಆಮೇಲೆ ಕತ್ತಲಲ್ಲಿ ಕಾಣ್ತಿರ್ಲಿಲ್ಲ. ಟಾರ್ಚು ಹಾಕಿದ್ರೆ ಎಲ್ಲಿದೀಯ ಅಂತ ಗೊತ್ತಾಗ್ತಿತ್ತು. ಅದಕ್ಕೆ ಲೆನ್ಸನ್ನ ಒಂಚೂರು ತಿರುಗಿಸ್ತಿದ್ದೆ."

ನನಗೆ ಮೊದಲು ಉರಿದುಹೋಯಿತು. "ಜನ ಬೈತಿದ್ದಿದ್ದು ನನ್ನನ್ನ! ಎಷ್ಟು ಜನರ ಹತ್ರ ತಪ್ಪಾಯ್ತು ಅಂದಿದೀನಿ!" ಅಂತ ಕೂಗಿದೆ. ಈ ಕೂಗು ಮಾತ್ರ ಅವರ ಕಿವಿಗೆ ಕೇಳಿಸಲಿಲ್ಲವಂತೆ. ಲೋಟ ಎತ್ತಿಕೊಂಡು ತೊಳೆಯಲು ಹೋದರು.

ಮಾರನೇ ದಿನ ಆಟ ನಡೆಯುವಾಗ, ಚಿತ್ರ ನಿಚ್ಚಳವಾಗಿಯೇ ಇತ್ತು, ನಾನು ಕಿಂಡಿಯ ಕಡೆ ಸುಮ್ಮನೆ ಟಾರ್ಚು ಮಿನುಗಿಸಿದೆ. ಹೊಸ ಮಿಷನ್ನಿನಲ್ಲಿ ತಿರುಗಿಸಲು ಏನೂ ಇಲ್ಲ, ಎಲ್ಲ ಬಟನ್ನು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪರದೆಯ ಮೇಲೆ, ಹೀರೋಯಿನ್ನಿನ ಮುಖದ ಮೇಲೆ, ದೊಡ್ಡದೊಂದು ಕೈಯ ನೆರಳು ಬಂತು. ಐದು ಬೆರಳೂ ಅಲ್ಲಾಡಿದವು. ಜನ ಹೋ ಅಂದರು. ಮಾಲೀಕರು ಏನಾಯಿತು ಅಂತ ಓಡಿಬಂದರು. "ದೂಳು ಸಾರ್" ಅಂದೆ. ನನ್ನ ಕಿವಿ ಬಿಸಿಯಾಗಿತ್ತು ಮಗಳೇ, ಈ ವಯಸ್ಸಿನಲ್ಲಿ.

ಇದನ್ನೆಲ್ಲ ಯಾಕೆ ಬರೆದೆ ಅಂದರೆ, ನನಗೆ ಒಂದು ಅನುಮಾನ ಹತ್ತಿದೆ. ಆ ಸ್ಕ್ರೂ ಅಷ್ಟು ಸಲ ತಾನಾಗಿಯೇ ಸಡಿಲವಾಗುತ್ತದಾ? ಅಥವಾ ಅದನ್ನು ಯಾರಾದರೂ ಒಂಚೂರು ಬಿಟ್ಟಿರುತ್ತಾರಾ? ಅವನನ್ನು ಕೇಳು. ಸಿನಿಮಾದವಳ ಹಾಗೆ ಕೇಳದೆ ಬಸ್ಸು ಹತ್ತಬೇಡ. ಕೇಳಿ, ಆಮೇಲೆ ಬೇಡ ಅಂತಲೇ ಇರು.

ಟಾರ್ಚಿನ ಸೆಲ್ಲು ಬದಲಿಸಿದ,
ಅಮ್ಮ


ಏಪ್ರಿಲ್ ೧೧

ಅಮ್ಮಾ,

ಅಪ್ಪನಿಗೆ ಹೇಳು, ಹಿಂದಿನ ಸಾಲಿನಲ್ಲಿ ಮಲಗಿದ್ದ ಮಗು ಆ ಜನರ ಕೂಗಿಗೆ ಎಷ್ಟು ಸಲ ಬೆಚ್ಚಿ ಎದ್ದಿದೆ ಅಂತ. ರೂಮಿನವಳಿಗೆ ನಿನ್ನ ಕಾಗದ ಓದಿ ಹೇಳಿದೆ. "ನಿಮ್ಮಮ್ಮ ಹೇಳೋದೇ ಸರಿ" ಅಂದಳು. ಅವಳು ಯಾರ ಮಾತನ್ನಾದರೂ ಒಪ್ಪಿದ್ದು ಇದೇ ಮೊದಲು.

ನಿನ್ನ ಅನುಮಾನ ಓದಿದ ಕೂಡಲೇ ನನಗೆ ಎಲ್ಲಿಲ್ಲದ ಕೋಪ ಬಂತು. ಓಹೋ, ಬೇಕಂತಲೇ ಮಾಡುತ್ತಿದ್ದಾರಾ ಅಂತ ದಡದಡ ಕೆಳಗಿಳಿದೆ. ಅಂಗಡಿಯಲ್ಲಿ ಅರ್ಧ ಸಾಮಾನು ಪೆಟ್ಟಿಗೆಗೆ ಸೇರಿತ್ತು. ಅದನ್ನು ನೋಡಿ ಮಾತು ಸ್ವಲ್ಪ ತಡವರಿಸಿತು, ಆದರೂ ಕೇಳಿದೆ.

"ಈ ಸ್ಕ್ರೂನ ನೀವೇ ಸಡಿಲ ಬಿಡ್ತೀರಾ?"

ಅವರು ಗಾಬರಿಯಾದರು. "ಇಲ್ಲಪ್ಪ! ಎರಡನೇ ಸಲ ಬಂದಾಗ್ಲೇ ಅದಕ್ಕೆ ಅಂಟು ಹಾಕಿದೀನಿ. ಪ್ರತಿ ಸಲಾನೂ ಹಾಕ್ತೀನಿ. ಅದು ತಾನಾಗೇ ಸಡಿಲ ಆಗೋ ಹಾಗೇ ಇಲ್ಲ."

"ಮತ್ತೆ ಹೇಗಾಗುತ್ತೆ?"

ಅವರು ಒರೆಸುವ ಬಟ್ಟೆ ಕೈಗೆತ್ತಿಕೊಂಡರು. ಕೊನೆಗೆ ತಲೆ ಬಗ್ಗಿಸಿಕೊಂಡೇ, "ಹೇಗಾಗುತ್ತೆ ಅಂತ ಕೇಳಿದ್ರೆ ನೀವು ಬರೋದು ನಿಲ್ಲಿಸ್ತೀರೇನೋ ಅಂತ ಕೇಳ್ಲಿಲ್ಲ" ಅಂದರು.

ನನಗೆ ಅರ್ಥವಾಗಲಿಲ್ಲ. ಮೇಲೆ ಬಂದು ಕೆಲಸಕ್ಕೆ ಕೂತೆ. ಸ್ವಲ್ಪ ಹೊತ್ತಿಗೆ ಪಕ್ಕದ ಮೇಜಿನವಳು "ಶುರುವಾಯ್ತಾ ನಿಂದು?" ಅಂದಳು. ನೋಡುತ್ತೇನೆ, ಕನ್ನಡಕ ನನ್ನ ಎಡಗೈಯಲ್ಲಿದೆ. ಬಲಗೈಯಲ್ಲಿ ಮೇಣ ಕೆತ್ತುವ ಉಳಿ. ಅದರ ತುದಿ ಸ್ಕ್ರೂವಿನ ತಲೆಯ ಸೀಳಿನಲ್ಲಿ ಕೂತಿದೆ, ನಾನು ತಿರುಗಿಸುತ್ತಿದ್ದೇನೆ. ಯೋಚನೆಗೆ ಬಿದ್ದಾಗಲೆಲ್ಲ ಹೀಗೇ ಮಾಡುತ್ತೀಯ ಅಂತ ಅವಳು ಹೇಳಿದಳು. ಅಂಟನ್ನು ಕೂಡ ಕೆರೆದು ತೆಗೆಯುತ್ತೇನಂತೆ. ಅಮ್ಮಾ, ನಿಜಕ್ಕೂ ನನಗೆ ಗೊತ್ತೇ ಇರಲಿಲ್ಲ. ಅಪ್ಪ ಆದರೂ ಗೊತ್ತಿದ್ದೇ ಮಾಡಿದರು.

ಆಗ ಎದೆ ಡಬಡಬ ಅಂತು. ಹಾಡು ಮಾತ್ರ ಬರಲಿಲ್ಲ.

ಮತ್ತೆ ಕೆಳಗೆ ಹೋದೆ. ಓಡಲಿಲ್ಲ, ಆ ಮೆಟ್ಟಿಲಲ್ಲಿ ಓಡಿದರೆ ಹಲ್ಲು ಉದುರುತ್ತದೆ. "ಆವತ್ತು ಕೇಳಿದ್ರಲ್ಲ, ಅದನ್ನ ಇನ್ನೊಂದ್ಸಲ ಕೇಳಿ. ಆ ಬಟ್ಟೆ ಕೆಳಗಿಟ್ಟು ಕೇಳಿ" ಅಂದೆ. ಅವರು ಬಟ್ಟೆ ಮಡಚಿ ಗಾಜಿನ ಮೇಲಿಟ್ಟರು. ಕೈಗೆ ಕೆಲಸವಿಲ್ಲದೆ ಎರಡೂ ಕೈ ನಡುಗುತ್ತಿದ್ದವು. ಅದಕ್ಕೇ ಯಾವಾಗಲೂ ಏನಾದರೂ ಒರೆಸುತ್ತಿದ್ದರು ಅಂತ ಆಗ ಗೊತ್ತಾಯಿತು.

ಕೇಳಿದರು. ನಾನು "ಸರಿ" ಅಂದೆ. ಅವರ ಮಾತನ್ನೇ ಅವರಿಗೆ ತಿರುಗಿಸಿ ಕೊಟ್ಟಿದ್ದೇನೆ.

ಅವರ ಮಾವನ ಊರಿನಲ್ಲೂ ಹಲ್ಲಿನ ಲ್ಯಾಬ್ ಇದೆಯಂತೆ, ವಿಚಾರಿಸಿದ್ದಾರೆ. ಯಾವಾಗ ವಿಚಾರಿಸಿದ್ರಿ ಅಂದರೆ ಕಿವಿ ಕೆಂಪಾಯಿತು. ಈ ತಿಂಗಳ ಕೊನೇ ಭಾನುವಾರ ಇಬ್ಬರೂ ಬರುತ್ತೇವೆ. ಅವರೆದುರು ಅತಿಯಾಗಿ ಪ್ರಶ್ನೆ ಕೇಳಬೇಡ. ಕನ್ನಡಕ ಬಿಗಿ ಮಾಡಿಸಿಕೊಂಡಿದ್ದೇನೆ, ಅಂಟೂ ಹಾಕಿದ್ದಾರೆ, ಇನ್ನು ಆ ತಾಪತ್ರಯ ಇಲ್ಲ.

ನಿನ್ನ ಮಗಳು, ಅಪ್ಪನ ಮಗಳೂ


ಏಪ್ರಿಲ್ ೧೬

ಮಗಳೇ,

ನಿನ್ನ ಕಾಗದವನ್ನು ನಿಮ್ಮಪ್ಪನಿಗೆ ಕೂಗಿ ಓದಿದೆ. ಈ ಸಲ ಅಕ್ಕಪಕ್ಕದವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಅಂತಲೇ ಓದಿದೆ. ಸ್ಕ್ರೂವಿನ ವಿಷಯ ಬಂದಾಗ ಅವರು "ಇನ್ನೊಂದ್ಸಲ ಓದು, ಸರಿಯಾಗಿ ಕೇಳಿಸ್ಲಿಲ್ಲ" ಅಂದರು. ಕೇಳಿಸಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಓದಿದೆ.

ನನಗೆ ಈಗ ಬೇರೆ ಚಿಂತೆ. ಅವನು ಕಾಫಿ ಕುಡಿಯುತ್ತಾನೋ ಟೀ ಕುಡಿಯುತ್ತಾನೋ? ನಮ್ಮ ಕುರ್ಚಿಯ ಒಂದು ಕಾಲು ಅಲ್ಲಾಡುತ್ತದೆ, ಅದರ ಮೇಲೆ ಅವನನ್ನು ಕೂರಿಸಿಬಿಟ್ಟರೆ? ಆ ಭಾನುವಾರಕ್ಕೆ ನನಗೆ ರಜೆ ಸಿಗಲಿಲ್ಲ, ಹೋದ ಸಲ ಟಿಕೆಟ್ಟು ತೆಗೆದು ಕೂತು ನೋಡಿದ್ದಕ್ಕೆ ಮಾಲೀಕರಿಗೆ ಇನ್ನೂ ಮುನಿಸು. ಬಸ್ಸಿನಿಂದ ನೇರ ಟಾಕೀಸಿಗೇ ಬಂದುಬಿಡಿ, ಹಿಂದಿನ ಸಾಲಿನಲ್ಲಿ ಕೂರಿಸುತ್ತೇನೆ. ಎಡಗಡೆಯಿಂದ ಮೂರನೇ ಸೀಟು ಬೇಡ, ಸ್ಪ್ರಿಂಗು. ಪರದೆಯ ಮೇಲೆ ಕೈಯ ನೆರಳು ಬರಬಹುದು, ಅವನಿಗೆ ಮೊದಲೇ ಹೇಳಿಡು, ಹೆದರಿಕೊಂಡಾನು. ಕ್ಲೈಮ್ಯಾಕ್ಸಿಗೆ ಮುಂಚೆಯೇ ಬಾಗಿಲು ತೆಗೆದುಕೊಡುತ್ತೇನೆ, ಮನೆಗೆ ಹೋಗಿ ಊಟ ಮಾಡೋಣ.

ಪ್ರಶ್ನೆ ಕೇಳುವುದಿಲ್ಲ. ಒಂದೇ ಒಂದು ಇದೆ, ಅದೂ ನಿನಗೆ. ಸ್ಕ್ರೂ ಬಿಗಿಯಾಗಿದೆ, ಅಂಟು ಹಾಕಿದ್ದಾರೆ, ಇನ್ನು ತಾಪತ್ರಯ ಇಲ್ಲ ಅಂತ ಬರೆದಿದ್ದೀಯ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ, ಪೂರ್ತಿ ಬಿಗಿಯಾದರೂ ಕಷ್ಟವೇ. ಈ ಕಾಗದ ಕೈಗೆ ಸಿಕ್ಕ ಕೂಡಲೇ ಕನ್ನಡಕ ತೆಗೆದು, ಬೆಳಕಿಗೆ ಹಿಡಿದು, ಆ ಎಡಗಡೆ ಕಡ್ಡಿ ಒಂಚೂರಾದರೂ ಅಲ್ಲಾಡುತ್ತದಾ ಅಂತ ಇನ್ನೊಂದು ಸಲ ನೋಡು.

ಕಾಯುತ್ತಿರುವ,
ಅಮ್ಮ